ಟೈಗ್ರಿಸ್ ತೀರದ ಸೇನಾ ವೈದ್ಯರು: ಪಟ್ಟಿ ಕಟ್ಟಲಾಗದ ಗಾಯದ ಚರಿತ್ರೆ

ಕೊಲ್ಲಿಯ ಉತ್ತರದ ತುದಿಯಲ್ಲಿ, ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಕೂಡಿ ಶತ್ ಅಲ್-ಅರಬ್ ಎಂಬ ಹೆಸರಿನಿಂದ ಕಡಲಿಗೆ ಹರಿಯುವ ಹಾದಿಯಲ್ಲಿ ಬಸ್ರಾ ನಗರವಿದೆ. ಕೊಲ್ಲಿಯ ನಾಡುಗಳಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮಂಥ ಕನ್ನಡಿಗರಿಗೆ ಅದು ದೂರದ ಊರೇನಲ್ಲ. ಆದರೆ ನೂರು ವರ್ಷಗಳಿಗೂ ಹಿಂದೆ, ಮೊದಲ ಮಹಾಯುದ್ಧದ ಕಾಲದಲ್ಲಿ, ಇದೇ ಕೊಲ್ಲಿಯ ನೀರಿನ ಮೇಲೆ ಲಕ್ಷಾಂತರ ಭಾರತೀಯರು ಆ ಊರಿಗೆ ಸಾಗಿಹೋದರೆಂಬುದು ನಮ್ಮಲ್ಲಿ ಬಹುಮಂದಿಯ ನೆನಪಿನಲ್ಲಿಲ್ಲ. ಅವರಲ್ಲಿ ಬಂದೂಕು ಹಿಡಿದವರು ಇದ್ದಂತೆ, ಗಾಯಾಳುಗಳನ್ನು ಉಳಿಸಲೆಂದು ಹೋದವರೂ ಇದ್ದರು: ವೈದ್ಯರು, ಸಹಾಯಕ ವೈದ್ಯರು, ಡೋಲಿ ಹೊರುವ ಕಹಾರರು, ನೀರು ತರುವ ಭಿಸ್ತಿಗಳು, ಆಸ್ಪತ್ರೆಯ ಜಾಡಮಾಲಿಗಳು. ಯುದ್ಧದ ಚರಿತ್ರೆಯಲ್ಲಿ ಸೇನಾಪತಿಗಳಿಗೆ ಅಧ್ಯಾಯಗಳಿವೆ. ಇವರಿಗೆ ಹೆಚ್ಚೆಂದರೆ ಒಂದೆರಡು ಸಾಲುಗಳು. ಇವರು ಅಲ್ಲಿ ಏನನ್ನು ಕಂಡರು, ಏನನ್ನು ಮಾಡಲಾಗದೆ ಹೋದರು, ಕಂಡದ್ದನ್ನು ಹೇಳಲು ಹೋದವರಿಗೆ ಏನಾಯಿತು ಎಂಬುದೇ ಈ ಲೇಖನದ ವಸ್ತು.

ಒಂದು ನೋವಿಗೆ ದೊರೆತ ಹೆಸರು

ಯುದ್ಧದಿಂದ ಮರಳಿದವರ ಮನಸ್ಸಿನ ನೋವನ್ನು ವಿವರಿಸಲು ಇಪ್ಪತ್ತನೆಯ ಶತಮಾನದ ವೈದ್ಯಶಾಸ್ತ್ರವು ಹಲವು ಹೆಸರುಗಳನ್ನು ಬಳಸಿದೆ. ಅವುಗಳಲ್ಲಿ ಹೆಚ್ಚಿನವು ಭಯಕ್ಕೆ ಸಂಬಂಧಿಸಿದವು. ಸ್ಫೋಟದ ಸದ್ದು, ಸಾವಿನ ಸಾಮೀಪ್ಯ, ಮರುಕಳಿಸುವ ದುಃಸ್ವಪ್ನ ಮೊದಲಾದವು ಆ ಹೆಸರುಗಳ ಹಿಂದಿರುವ ಚಿತ್ರಗಳು. ಅಮೆರಿಕದ ಮನೋವೈದ್ಯ ಜೊನಾಥನ್ ಶೇ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದಾಗ, ಭಯದಿಂದ ವಿವರಿಸಲಾಗದ ಇನ್ನೊಂದು ಬಗೆಯ ನೋವನ್ನು ಗುರುತಿಸಿದರು. ತಮ್ಮ ಅನುಭವವನ್ನು ಹೋಮರನ ಇಲಿಯಡ್ ಕಾವ್ಯದೊಡನೆ ಹೋಲಿಸಿ ಅವರು 1994ರಲ್ಲಿ ಪ್ರಕಟಿಸಿದ ಗ್ರಂಥವು ಈ ನೋವಿನ ಚರ್ಚೆಗೆ ನಾಂದಿಯಾಯಿತು. ಅಧಿಕಾರದಲ್ಲಿರುವವನು, ಪ್ರಾಣವೇ ಪಣವಾಗಿರುವ ಸಂದರ್ಭದಲ್ಲಿ, ಸರಿಯಾದುದಕ್ಕೆ ದ್ರೋಹ ಬಗೆದಾಗ ಅವನ ಕೆಳಗಿನವರ ಮನಸ್ಸಿನಲ್ಲಿ ಉಂಟಾಗುವ ಒಡಕು ಅದೆಂಬುದು ಅವರ ವಿವರಣೆಯ ಸಾರ. 2009ರಲ್ಲಿ ಬ್ರೆಟ್ ಲಿಟ್ಜ್ ಮತ್ತು ಅವರ ಸಹೋದ್ಯೋಗಿಗಳು ಈ ಕಲ್ಪನೆಯನ್ನು ವಿಸ್ತರಿಸಿದರು. ತನ್ನ ಆಳದ ನಂಬಿಕೆಗಳಿಗೆ ವಿರುದ್ಧವಾದುದನ್ನು ತಾನೇ ಮಾಡುವುದು, ತಡೆಯಲಾಗದೆ ಹೋಗುವುದು, ಕಣ್ಣಾರೆ ಕಾಣುವುದು ಇವೆಲ್ಲವೂ ಆ ಗಾಯಕ್ಕೆ ಕಾರಣವಾಗಬಲ್ಲವೆಂದು ಅವರು ತೋರಿಸಿದರು.

ಇದನ್ನು ಕನ್ನಡದಲ್ಲಿ 'ನೈತಿಕ ಗಾಯ' ಎನ್ನಬಹುದು. ನಮ್ಮಲ್ಲಿ 'ಧರ್ಮಸಂಕಟ' ಎಂಬ ಹಳೆಯ ಮಾತೊಂದಿದೆಯಲ್ಲ, ಅದೇ ಸಾಲದೆ ಎಂದು ಕೇಳಬಹುದು. ಧರ್ಮಸಂಕಟವೆಂಬುದು ಎರಡು ಕರ್ತವ್ಯಗಳ ನಡುವೆ ನಿಂತವನ ಕ್ಷಣ. ಅಲ್ಲಿ ಆಯ್ಕೆ ಇನ್ನೂ ಬಾಕಿ ಇರುತ್ತದೆ. ನೈತಿಕ ಗಾಯವೆಂಬುದು ಆ ಕ್ಷಣ ಕಳೆದ ಮೇಲೆ ಉಳಿಯುವಂಥದ್ದು. ಅನೇಕ ವೇಳೆ ಆಯ್ಕೆ ಮಾಡುವ ಅವಕಾಶವೇ ಇಲ್ಲದವನಿಗೂ ಅದು ತಗಲುತ್ತದೆ. ಸೇನಾ ವೈದ್ಯನಿಗಂತೂ ಅದು ಹತ್ತಿರದ ಅಪಾಯ. ಏನು ಮಾಡಿದರೆ ಗಾಯಾಳು ಉಳಿಯುತ್ತಾನೆಂಬುದು ಅವನಿಗೆ ತಿಳಿದಿರುತ್ತದೆ. ತಿಳಿದೂ ಮಾಡಲಾಗದಂತೆ ಅವನ ಕೈಗಳನ್ನು ಬೇರೆಯವರು ಕಟ್ಟಿರುತ್ತಾರೆ. ಈ ಮಾತಿಗೆ ಮೆಸೊಪಟೇಮಿಯಾದ ಯುದ್ಧಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ನದಿ ಮತ್ತು ಲೆಕ್ಕಾಚಾರ

1914ರ ನವೆಂಬರಿನಲ್ಲಿ ಭಾರತೀಯ ಸೇನೆಯ 6ನೇ ಪೂನಾ ಡಿವಿಷನ್ ಶತ್ ಅಲ್-ಅರಬ್‌ನ ಮುಖದಲ್ಲಿ ಇಳಿದು ಬಸ್ರಾವನ್ನು ವಶಪಡಿಸಿಕೊಂಡಿತು. ಈ ಡಿವಿಷನ್ನಿನಲ್ಲಿದ್ದ 103, 110 ಮತ್ತು 117ನೇ ಮರಾಠಾ ಪಡೆಗಳು ಇಂದಿನ ಮರಾಠಾ ಲೈಟ್ ಇನ್‌ಫಂಟ್ರಿಯ ಪೂರ್ವಜರು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಮೊದಲಿನ ಉದ್ದೇಶ ಪರ್ಷಿಯಾದ ತೈಲ ಮತ್ತು ಬಂದರನ್ನು ಕಾಯುವುದಷ್ಟೇ ಆಗಿತ್ತು. ಆದರೆ ಸುಲಭವಾಗಿ ಬಂದ ಗೆಲುವುಗಳು ಸೇನಾನಾಯಕರನ್ನು ಮುಂದೆ ಮುಂದೆ ಸೆಳೆದವು. 1915ರ ಜೂನಿನಲ್ಲಿ ಅಮಾರಾ, ಸೆಪ್ಟೆಂಬರಿನಲ್ಲಿ ಕುಟ್ ಪಟ್ಟಣ ಕೈವಶವಾದವು. ಬಾಗ್ದಾದು ಕಣ್ಣಿಗೆ ಕಾಣುವಷ್ಟು ಹತ್ತಿರವಾದಂತೆ ತೋರಿತು.

ಆ ನಾಡಿನಲ್ಲಿ ರೈಲು ಇರಲಿಲ್ಲ. ಹೇಳಿಕೊಳ್ಳುವಂಥ ರಸ್ತೆ ಇರಲಿಲ್ಲ. ನದಿಯೊಂದೇ ಹಾದಿ. ಅದೂ ಆಳವಿಲ್ಲದ, ತಿರುವು ಮುರುವಿನ ನದಿ. ಸೈನಿಕರು, ಕುದುರೆ, ಹೇಸರಗತ್ತೆ, ಮದ್ದುಗುಂಡು, ದವಸಧಾನ್ಯ ಎಲ್ಲವೂ ಬೆರಳೆಣಿಕೆಯ ಉಗಿದೋಣಿಗಳಲ್ಲೇ ಮೇಲಕ್ಕೆ ಹೋಗಬೇಕು. ಗಾಯಾಳುಗಳು ಅವೇ ದೋಣಿಗಳಲ್ಲಿ ಕೆಳಕ್ಕೆ ಬರಬೇಕು. ಪ್ರಾಣಿಗಳನ್ನು ಇಳಿಸಿದ ಹಲಗೆಗಳನ್ನು ತೊಳೆಯುವಷ್ಟು ಬಿಡುವೂ ಇರಲಿಲ್ಲ. ಯುದ್ಧಸಾಮಗ್ರಿ ಸಾಗಿಸುವ ದೋಣಿಯಾದ್ದರಿಂದ ಅದರ ಮೇಲೆ ರೆಡ್ ಕ್ರಾಸ್ ಚಿಹ್ನೆ ಹಾಕಿ ರಕ್ಷಣೆ ಕೇಳುವಂತಿರಲಿಲ್ಲ. ಗಾಯಾಳುಗಳಿಗೆಂದೇ ಮೀಸಲಾದ ನದಿ ಆಸ್ಪತ್ರೆ ದೋಣಿಗಳನ್ನು ಕಳುಹಿಸಿರಲಿಲ್ಲ. ಭೂಮಿಯ ಮೇಲೆ ಗಾಯಾಳುಗಳನ್ನು ಸಾಗಿಸಲು ಇದ್ದುದು ಸ್ಪ್ರಿಂಗ್ ಇಲ್ಲದ, ಎರಡು ಚಕ್ರದ, ಸಾಮಾನು ಹೊರುವ ಗಾಡಿ. ವಾಯವ್ಯ ಗಡಿಯ ಸಣ್ಣಪುಟ್ಟ ಕಾಳಗಗಳಿಗೆ ಸಾಕಾಗುತ್ತಿದ್ದ ಅಳತೆಯಲ್ಲೇ ಭಾರತ ಸರ್ಕಾರವು ಈ ದೊಡ್ಡ ಯುದ್ಧಕ್ಕೂ ವೈದ್ಯಕೀಯ ವ್ಯವಸ್ಥೆಯನ್ನು ಒದಗಿಸಿತ್ತು. ವೆಚ್ಚ ಹಿಡಿದು ನಡೆಯುವುದೇ ಆಡಳಿತದ ದೊಡ್ಡ ಗುಣವೆಂದು ಭಾವಿಸಿದ್ದ ಕಾಲ ಅದು.

1915ರ ನವೆಂಬರ್ 22ರಂದು, ಬಾಗ್ದಾದಿನ ದಕ್ಷಿಣಕ್ಕೆ ಇರುವ ಪುರಾತನ ಟೆಸಿಫೋನ್ ನಗರದ ಬಳಿ, ಮೇಜರ್ ಜನರಲ್ ಟೌನ್‌ಶೆಂಡ್ ಅವರ ಸೇನೆ ತುರ್ಕಿ ಸೇನೆಯನ್ನು ಎದುರಿಸಿತು. ಕೆಲವು ನೂರು ಗಾಯಾಳುಗಳನ್ನು ನೋಡಿಕೊಳ್ಳುವಷ್ಟು ಸಿದ್ಧತೆ ಅಲ್ಲಿತ್ತು. ಸತ್ತವರು ಮತ್ತು ಗಾಯಗೊಂಡವರು ಸೇರಿ ಸಂಖ್ಯೆ ಸುಮಾರು 4,500ಕ್ಕೆ ಮುಟ್ಟಿತು. ಮುರಿದ ತೊಡೆ, ಒಡೆದ ತಲೆ, ಗುಂಡು ಹೊಕ್ಕ ಹೊಟ್ಟೆಗಳನ್ನು ಹೊತ್ತವರನ್ನು ಆ ಸಾಮಾನು ಗಾಡಿಗಳಲ್ಲಿ ಮೈಲುಗಟ್ಟಲೆ ದೂರದ ನದಿತೀರಕ್ಕೆ ಸಾಗಿಸಲಾಯಿತು. ಗಾಡಿಯ ಕುಲುಕಾಟವನ್ನು ತಾಳಲಾರದೆ ಇಳಿದು ತೆವಳಿಕೊಂಡು ಹೋಗಲು ಬಯಸಿದವರಿದ್ದರು. ವೈದ್ಯರು ತಮ್ಮ ಬಳಿಯಿದ್ದ ಪಟ್ಟಿಗಳನ್ನು ಕಟ್ಟಿದರು. ಪಟ್ಟಿ ಮುಗಿದ ಮೇಲೆ ಕೈಗೆ ಸಿಕ್ಕಿದ್ದನ್ನು ಕಟ್ಟಿದರು. ದೋಣಿಯೇರಿದ ಮೇಲೆ ಬಸ್ರಾಕ್ಕೆ ಹಲವು ದಿನಗಳ ಪಯಣ.

ಮೆಜಿದಿಯೆ ದೋಣಿ

ಬಸ್ರಾದಲ್ಲಿ 'ವರೇಲಾ' ಎಂಬ ಆಸ್ಪತ್ರೆ ಹಡಗು ಲಂಗರು ಹಾಕಿತ್ತು. ಅದರ ಹೊಣೆ ಹೊತ್ತಿದ್ದವರು ಇಂಡಿಯನ್ ಮೆಡಿಕಲ್ ಸರ್ವಿಸಿನ ಮೇಜರ್ ರಾಬರ್ಟ್ ಮಾರ್ಕಮ್ ಕಾರ್ಟರ್. ಒಂದು ಸಂಜೆ ಟೆಸಿಫೋನಿನ ಗಾಯಾಳುಗಳನ್ನು ಹೊತ್ತ 'ಮೆಜಿದಿಯೆ' ಎಂಬ ಉಗಿದೋಣಿ ಬರುವುದನ್ನು ಅವರು ಕಂಡರು. ದೋಣಿಯ ಬದಿಗಳಲ್ಲಿ ಹಗ್ಗಗಳನ್ನು ಇಳಿಬಿಟ್ಟಂತೆ ದೂರಕ್ಕೆ ಕಾಣಿಸಿತು. ಹತ್ತಿರ ಬಂದಾಗ ದುರ್ಗಂಧವು ಮೊದಲು ಮುಟ್ಟಿತು. ಅನಂತರ ಅವು ಹಗ್ಗಗಳಲ್ಲ, ಒಣಗಿ ಜೋತುಬಿದ್ದ ಮಲವೆಂಬುದು ತಿಳಿಯಿತು. ಎದ್ದು ಕೂರಲೂ ಜಾಗವಿಲ್ಲದಂತೆ ನೂರಾರು ಗಾಯಾಳುಗಳನ್ನು ಹಲಗೆಯ ಮೇಲೆ ತುಂಬಲಾಗಿತ್ತು. ಭೇದಿಯಿಂದ ನರಳುತ್ತಿದ್ದವರು ಮಲಗಿದಲ್ಲಿಂದ ಕದಲಲಾರದೆ ಇದ್ದರು. ಅನೇಕರ ಗಾಯಗಳಿಗೆ ಹೊರಟಂದಿನಿಂದ ಪಟ್ಟಿ ಬದಲಿಸಿರಲಿಲ್ಲ. ಮೂಳೆ ಮುರಿದ ಕಾಲುಗಳಿಗೆ ಆಸರೆಯಾಗಿ ಸಿಕ್ಕಸಿಕ್ಕ ಕಟ್ಟಿಗೆಯ ಚೂರುಗಳನ್ನು ಕಟ್ಟಲಾಗಿತ್ತು.

ಕಾರ್ಟರ್ ತಮ್ಮ ಹಡಗಿನ ಸಿಬ್ಬಂದಿಯೊಡನೆ ಸಾಧ್ಯವಾದುದನ್ನು ಮಾಡಿದರು. ಅದರೊಡನೆ ಇನ್ನೊಂದು ಕೆಲಸವನ್ನೂ ಮಾಡಿದರು: ತಾವು ಕಂಡದ್ದನ್ನು ಬಚ್ಚಿಡದೆ ಮೇಲಧಿಕಾರಿಗಳಿಗೆ ತಿಳಿಸಿದರು. ಇದಕ್ಕೆ ಬಂದ ಉತ್ತರವು ಆ ಯುದ್ಧದ ದಾಖಲೆಗಳಲ್ಲಿ ಮರೆಯಲಾಗದ ಸಂಗತಿಗಳಲ್ಲೊಂದು. ಸರ್ಜನ್ ಜನರಲ್ ಹ್ಯಾಥವೇ ಮತ್ತು ಮೇಜರ್ ಜನರಲ್ ಕೌಪರ್ ಅವರ ಸಮ್ಮುಖದಲ್ಲಿ ಕಾರ್ಟರ್ ಅವರನ್ನು ತಮಗೆ ಸಂಬಂಧಿಸದ ವಿಷಯಗಳಲ್ಲಿ ತಲೆಹಾಕುವ ಗೀಳಿನ ಮನುಷ್ಯನೆಂದು ನಿಂದಿಸಲಾಯಿತು. ಸುಮ್ಮನಿರದಿದ್ದರೆ ಬಂಧಿಸುವುದಾಗಿಯೂ, ಹಡಗಿನ ಹೊಣೆಯನ್ನು ಕಸಿದುಕೊಳ್ಳುವುದಾಗಿಯೂ ಬೆದರಿಸಲಾಯಿತು.

ಎಲ್ಲವೂ ಚೆನ್ನಾಗಿದೆ ಎಂಬ ತಂತಿ

ಇದೇ ದಿನಗಳಲ್ಲಿ, 1915ರ ಡಿಸೆಂಬರಿನಲ್ಲಿ, ಮೆಸೊಪಟೇಮಿಯಾದ ದಂಡನಾಯಕ ಜನರಲ್ ನಿಕ್ಸನ್ ಅವರಿಂದ ಒಂದು ತಂತಿ ಹೊರಟಿತು. ಗಾಯಾಳುಗಳ ಸ್ಥಿತಿ ತೃಪ್ತಿಕರವಾಗಿದೆಯೆಂದೂ, ಬಹಳ ಕಷ್ಟದ ನಡುವೆಯೂ ವೈದ್ಯಕೀಯ ವ್ಯವಸ್ಥೆ ಅತ್ಯುತ್ತಮವಾಗಿ ನಡೆದಿದೆಯೆಂದೂ ಅದರ ಅರ್ಥ. ತಂತಿಗೆ ಆಧಾರವಾದದ್ದು ವೈದ್ಯಾಧಿಕಾರಿ ಹ್ಯಾಥವೇ ಅವರ ವರದಿ.

ವೈದ್ಯರ ಕಣ್ಣಿನಿಂದ ಈ ತಂತಿಯನ್ನು ಓದಿನೋಡಬೇಕು. ಪಟ್ಟಿ ಇಲ್ಲದಿರುವುದು ಒಂದು ಕಷ್ಟ. ದೋಣಿ ಇಲ್ಲದಿರುವುದು ಇನ್ನೊಂದು ಕಷ್ಟ. ಯುದ್ಧಭೂಮಿಯ ವೈದ್ಯನಿಗೆ ಕೊರತೆ ಹೊಸದಲ್ಲ; ಇದ್ದುದರಲ್ಲಿ ಕೈಲಾದಷ್ಟು ಮಾಡಿದೆನೆಂಬ ಸಮಾಧಾನವನ್ನು ಕೊರತೆಯೊಂದೇ ಕಸಿಯುವುದಿಲ್ಲ. ಆದರೆ ಕೊರತೆಯೇ ಇರಲಿಲ್ಲವೆಂದು ಸರ್ಕಾರಿ ಕಾಗದದಲ್ಲಿ ದಾಖಲಾದಾಗ, ಸತ್ತವರು ತಕ್ಕ ಆರೈಕೆ ಪಡೆದೇ ಸತ್ತರೆಂದಾಗುತ್ತದೆ. ಅಲ್ಲಿಗೆ ವೈದ್ಯನ ಮುಂದೆ ಎರಡೇ ಹಾದಿ ಉಳಿಯುತ್ತವೆ: ತನ್ನ ಕಣ್ಣು ಕಂಡದ್ದನ್ನು ಸುಳ್ಳೆಂದುಕೊಳ್ಳಬೇಕು, ಇಲ್ಲವೇ ತಾನು ಸೇವೆ ಸಲ್ಲಿಸುತ್ತಿರುವ ವ್ಯವಸ್ಥೆಯೇ ಸುಳ್ಳೆಂದು ಒಪ್ಪಿಕೊಳ್ಳಬೇಕು. ಶೇ ಅವರು ಸರಿಯಾದುದಕ್ಕೆ ಬಗೆಯುವ ದ್ರೋಹವೆಂದು ಗುರುತಿಸಿದ್ದು ಇಂಥದನ್ನೇ. ಹ್ಯಾಥವೇ ಅವರೂ ವೈದ್ಯರೇ ಆಗಿದ್ದರೆಂಬುದನ್ನು ಇಲ್ಲಿ ಮರೆಯಬಾರದು.

ಸುಳ್ಳಿನ ಫಲ ಕಾಗದದಲ್ಲೇ ಉಳಿಯಲಿಲ್ಲ. ವ್ಯವಸ್ಥೆ ಚೆನ್ನಾಗಿದೆಯೆಂದ ಮೇಲೆ ಅದನ್ನು ಸರಿಪಡಿಸುವ ಆತುರವೇಕೆ? ಟೆಸಿಫೋನಿನಿಂದ ಹಿಮ್ಮೆಟ್ಟಿದ ಟೌನ್‌ಶೆಂಡ್ ಸೇನೆ ಡಿಸೆಂಬರಿನಲ್ಲಿ ಕುಟ್ ಪಟ್ಟಣದೊಳಗೆ ಮುತ್ತಿಗೆಗೆ ಸಿಕ್ಕಿತು. ಅದನ್ನು ಬಿಡಿಸಲು 1916ರ ಜನವರಿಯಲ್ಲಿ ಶೇಖ್ ಸಾದ್, ವಾದಿ ಮತ್ತು ಹನ್ನಾ ಎಂಬಲ್ಲಿ ಕಾಳಗಗಳಾದವು. ಸೈನಿಕರನ್ನು ಅವಸರವಾಗಿ ಮುಂದೆ ಕಳುಹಿಸಿದ್ದರಿಂದ, ಅವರೊಡನೆ ಇರಬೇಕಾಗಿದ್ದ ವೈದ್ಯಕೀಯ ತುಕಡಿಗಳಲ್ಲಿ ಅನೇಕವು ದೋಣಿ ಸಿಗದೆ ಹಿಂದೆಯೇ ಉಳಿದಿದ್ದವು. ಚಳಿಗಾಲದ ಮಳೆಯಲ್ಲಿ, ಕೆಸರಿನಲ್ಲಿ, ಸಾವಿರಾರು ಗಾಯಾಳುಗಳು ಬಯಲಲ್ಲೇ ರಾತ್ರಿ ಕಳೆದರು. ಟೆಸಿಫೋನಿನಲ್ಲಿ ಕಂಡದ್ದನ್ನೇ ವೈದ್ಯರು ಮತ್ತೊಮ್ಮೆ ಕಂಡರು. ಮೊದಲ ಸಲ ಅದು ಸಿದ್ಧತೆಯ ಲೋಪ. ಎರಡನೆಯ ಸಲದ ಹೊತ್ತಿಗೆ ಅದು ಎಚ್ಚರಿಕೆಯನ್ನು ಕೇಳಿಸಿಕೊಳ್ಳದ ಲೋಪವಾಗಿತ್ತು.

ಮುತ್ತಿಗೆಯ ಒಳಗೆ

ಕುಟ್ ಮುತ್ತಿಗೆ 147 ದಿನ ನಡೆಯಿತು. ಒಳಗಿನ ಹಿರಿಯ ವೈದ್ಯಾಧಿಕಾರಿ ಕರ್ನಲ್ ಪ್ಯಾಟ್ರಿಕ್ ಹೆಹಿರ್ ಮತ್ತು ಅವರ ಸಹೋದ್ಯೋಗಿಗಳಿಗೆ ಶತ್ರುವಿನ ಗುಂಡಿಗಿಂತ ಹಸಿವು ದೊಡ್ಡ ವೈರಿಯಾಯಿತು. ಅಲ್ಲಿ ಒಂದು ವಿಚಿತ್ರ ಸಂಗತಿ ವೈದ್ಯರ ಗಮನಕ್ಕೆ ಬಂತು. ಬಿಳಿ ಹಿಟ್ಟಿನ ರೊಟ್ಟಿ ತಿನ್ನುತ್ತಿದ್ದ ಬ್ರಿಟಿಷ್ ಸೈನಿಕರಲ್ಲಿ ಬೆರಿಬೆರಿ ಕಾಣಿಸಿತು. ತವುಡು ತೆಗೆಯದ ಹಿಟ್ಟು ತಿನ್ನುತ್ತಿದ್ದ ಭಾರತೀಯರಿಗೆ ಬೆರಿಬೆರಿ ಬರಲಿಲ್ಲ. ಆದರೆ ಮಾಂಸವಾಗಲಿ ತಾಜಾ ತರಕಾರಿಯಾಗಲಿ ಇಲ್ಲದ ಕಾರಣ ಅವರಿಗೆ ಸ್ಕರ್ವಿ ಬಂತು. ಕುದುರೆ ಮಾಂಸ ತಿಂದ ಬ್ರಿಟಿಷರು ಸ್ಕರ್ವಿಯಿಂದ ಬಹುಮಟ್ಟಿಗೆ ಪಾರಾದರು.

ಭಾರತೀಯ ಸೈನಿಕರಲ್ಲಿ ಬಹುಮಂದಿ ಕುದುರೆ ಮಾಂಸವನ್ನು ನಿರಾಕರಿಸಿದರು. ಜಾತಿ, ಧರ್ಮದ ಭಯವೊಂದೇ ಅಲ್ಲ, ಊರಿಗೆ ಮರಳಿದಾಗ ಮನೆಯವರು ಏನೆನ್ನುವರೋ ಎಂಬ ಅಳುಕೂ ಅದರ ಹಿಂದಿತ್ತು. ಭಾರತದಿಂದ ಧಾರ್ಮಿಕ ಮುಖಂಡರ ಅನುಮತಿಯನ್ನು ತರಿಸಲಾಯಿತು. ಆದರೂ ಮುತ್ತಿಗೆಯ ಕೊನೆಯ ವಾರಗಳವರೆಗೆ ಹೆಚ್ಚಿನವರು ಅದನ್ನು ಮುಟ್ಟಲಿಲ್ಲ. ಇಲ್ಲಿ ವೈದ್ಯನ ಪಾಡೇನು? ರೋಗ ಏನೆಂದು ಗೊತ್ತು; ಮದ್ದು ಏನೆಂದೂ ಗೊತ್ತು. ಮದ್ದನ್ನು ಒತ್ತಾಯಿಸಿದರೆ ರೋಗಿಯ ನಂಬಿಕೆಗೆ ಪೆಟ್ಟು. ಒತ್ತಾಯಿಸದಿದ್ದರೆ ಅವನ ದೇಹಕ್ಕೆ ಪೆಟ್ಟು. ಬಯಲಲ್ಲಿ ಬೆಳೆದ ಸೊಪ್ಪುಸದೆಯನ್ನು ಕೊಯ್ದು ತಿನ್ನಿಸುವ ಪ್ರಯತ್ನ ನಡೆಯಿತು. ಹಿಟ್ಟಿನ ಪಾಲು ದಿನಕ್ಕೆ ಕೆಲವೇ ಔನ್ಸಿಗೆ ಇಳಿಯಿತು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಸೆರೆಯಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು.

ತೀರ ಅಸ್ವಸ್ಥರಾಗಿದ್ದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೈದಿಗಳ ವಿನಿಮಯದಲ್ಲಿ ಬಿಡಲಾಯಿತು. ಉಳಿದವರನ್ನು ಬಾಗ್ದಾದಿನ ದಿಕ್ಕಿಗೆ, ಅಲ್ಲಿಂದ ಮರುಭೂಮಿಯಲ್ಲಿ ಕಾಲ್ನಡಿಗೆಯಿಂದ ಸಿರಿಯಾದ ಗಡಿಯ ರಾಸ್ ಅಲ್-ಐನ್ ಕಡೆಗೆ ನಡೆಸಲಾಯಿತು. ಸೆರೆ ಸಿಕ್ಕ ಬ್ರಿಟಿಷ್ ಸಾಮಾನ್ಯ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮರಳಲಿಲ್ಲ. ಭಾರತೀಯರೂ ಸಾವಿರಗಟ್ಟಲೆ ಸತ್ತರು. ಅವರ ದಂಡನಾಯಕ ಟೌನ್‌ಶೆಂಡ್ ಮಾತ್ರ ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಗೌರವದ ಅತಿಥಿಯಂತೆ ಯುದ್ಧದ ಉಳಿದ ಕಾಲವನ್ನು ಕಳೆದರು.

ಇಬ್ಬರು ಒಡೆಯರ ಸೇವೆ

ಇದುವರೆಗೆ ಕಂಡದ್ದು ಕೊರತೆ ಮತ್ತು ಸುಳ್ಳು ಮಾಡಿದ ಗಾಯ. ಏನೊಂದೂ ಕೊರತೆಯಿಲ್ಲದ ಕಡೆಯೂ ಸೇನಾ ವೈದ್ಯನಿಗೆ ಇಂಥ ಗಾಯವಾಗುವ ಸಂಭವವಿದೆ. ಏಕೆಂದರೆ ಅವನು ಏಕಕಾಲದಲ್ಲಿ ರೋಗಿಗೂ ಸೇನೆಗೂ ಸೇವಕ. ಇದನ್ನು ಅರಿಯಲು ಅದೇ ಯುದ್ಧದ ಇನ್ನೊಂದು ಕಡೆಗೆ, ಇಂಗ್ಲೆಂಡಿನ ಬ್ರೈಟನ್ ಪಟ್ಟಣಕ್ಕೆ, ಒಮ್ಮೆ ಹೋಗಿಬರಬೇಕು. ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ ಅಲ್ಲಿ ಆಸ್ಪತ್ರೆಗಳನ್ನು ತೆರೆಯಲಾಗಿತ್ತು. ಅವರಲ್ಲಿ ಅನೇಕರಿಗೆ ಕೈಗೆ ಗುಂಡು ತಗುಲಿದ್ದುದನ್ನು ಕಂಡು, ರಣರಂಗದಿಂದ ಪಾರಾಗಲು ತಾವೇ ಗುಂಡು ಹಾರಿಸಿಕೊಂಡಿದ್ದಾರೆಂಬ ಸಂಶಯ ಅಧಿಕಾರಿಗಳಲ್ಲಿ ಹುಟ್ಟಿತು. ಕಿಚನರ್ ಭಾರತೀಯ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಕರ್ನಲ್ ಬ್ರೂಸ್ ಸೆಟನ್ 1,000 ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ, ಆ ಸಂಶಯಕ್ಕೆ ಆಧಾರವಿಲ್ಲವೆಂದು 1915ರಲ್ಲಿ ವರದಿ ನೀಡಿದರು. ಸೈನಿಕರ ಮಾನವನ್ನು ಉಳಿಸಿದ ವರದಿ ಅದು.

ಆದರೆ ಅದೇ ಸೆಟನ್, ಅದೇ ಆಸ್ಪತ್ರೆಯ ಸುತ್ತ ಬೇಲಿ ಹಾಕಿಸಿ, ಕಾವಲಿರಿಸಿ, ಭಾರತೀಯ ರೋಗಿಗಳೂ ಸಿಬ್ಬಂದಿಯೂ ಊರಿನೊಳಗೆ ಸ್ವತಂತ್ರವಾಗಿ ಓಡಾಡದಂತೆ ಮಾಡಿದರು. ಭಾರತೀಯರು ಬ್ರಿಟಿಷ್ ಹೆಂಗಸರೊಡನೆ ಬೆರೆತರೆ ಸಾಮ್ರಾಜ್ಯದ ಮರ್ಯಾದೆಗೆ ಕುಂದೆಂಬ ಅಂಜಿಕೆ ಅದರ ಹಿಂದಿತ್ತು. ಈ ನಿರ್ಬಂಧದಿಂದ ರೋಸಿಹೋದ ಭಾರತೀಯ ಸಹಾಯಕ ವೈದ್ಯನೊಬ್ಬ ಸೆಟನ್ ಅವರ ಮೇಲೆ ಗುಂಡು ಹಾರಿಸಲು ಯತ್ನಿಸಿ ಸೆರೆಮನೆ ಸೇರಿದ. ಆ ಕೃತ್ಯವನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಹಗಲಿಡೀ ಸಾಮ್ರಾಜ್ಯದ ಸೈನಿಕರ ಗಾಯ ತೊಳೆದು, ಸಂಜೆಯಾದೊಡನೆ ಅದೇ ಸಾಮ್ರಾಜ್ಯದಿಂದ ಕೈದಿಯಂತೆ ಎಣಿಸಲ್ಪಡುವುದು ಎಂಥ ಅವಮಾನವೆಂಬುದನ್ನು ಊಹಿಸಬಹುದು.

ಬರೆದಿಟ್ಟವರು

ಮೆಸೊಪಟೇಮಿಯಾದ ಭಾರತೀಯ ವೈದ್ಯಸಿಬ್ಬಂದಿಯಲ್ಲಿ ಕೆಲವರ ಬರಹಗಳು ಬಂಗಾಳಿ ಭಾಷೆಯಲ್ಲಿ ಉಳಿದುಬಂದಿವೆ. 1882ರಲ್ಲಿ ಜನಿಸಿದ ಕ್ಯಾಪ್ಟನ್ ಕಲ್ಯಾಣ ಕುಮಾರ ಮುಖರ್ಜಿ ಇಂಡಿಯನ್ ಮೆಡಿಕಲ್ ಸರ್ವಿಸಿನ ವೈದ್ಯರು. ಪೂನಾ ಡಿವಿಷನ್ನಿನೊಡನೆ ಟೆಸಿಫೋನಿನವರೆಗೆ ಹೋಗಿ, ಕುಟ್ ಮುತ್ತಿಗೆಯಲ್ಲಿ ಸಿಲುಕಿ, ಸೆರೆಯಾಳಾದವರು. ತಾಯಿಗೆ ಬರೆದ ಪತ್ರಗಳಲ್ಲಿ ಅವರು ತಮ್ಮ ಕೈಕೆಳಗೆ ಸತ್ತವರನ್ನು ಕುರಿತು ಬರೆಯುವುದರೊಡನೆ, ಆ ಸಾವುಗಳ ಮೂಲವನ್ನೂ ವಿಚಾರಿಸತೊಡಗಿದರು. ಇಂಗ್ಲೆಂಡು ನಮಗೆ ಕಲಿಸಿದ, ನಾಗರಿಕ ದೇಶಗಳೆಲ್ಲ ಹೊಗಳುವ ದೇಶಾಭಿಮಾನವೇ ಈ ರಕ್ತಪಾತಕ್ಕೆ ಕಾರಣವಲ್ಲವೇ ಎಂಬುದು ಅವರ ವಿಚಾರದ ಸಾರ. ಸಾಮ್ರಾಜ್ಯದ ಸಮವಸ್ತ್ರ ಧರಿಸಿದ್ದ ವೈದ್ಯರೊಬ್ಬರು 1915ರಲ್ಲೇ ಹೀಗೆ ಬರೆದರೆಂಬುದು ಗಮನಾರ್ಹ. ಸುತ್ತಲಿನ ನೋವಿಗೆ ಕೆಟ್ಟ ಶತ್ರುವೊಬ್ಬನನ್ನು ಹೊಣೆಯಾಗಿಸಿ ಸಮಾಧಾನ ಪಟ್ಟುಕೊಳ್ಳುವ ಸುಲಭದ ಹಾದಿಯನ್ನು ಅವರು ಹಿಡಿಯಲಿಲ್ಲ. ತಾವು ಸೇವೆ ಸಲ್ಲಿಸುತ್ತಿದ್ದ ವ್ಯವಸ್ಥೆಯನ್ನೇ ಪ್ರಶ್ನಿಸಿದರು. 1917ರ ಮಾರ್ಚಿನಲ್ಲಿ ರಾಸ್ ಅಲ್-ಐನ್ ಶಿಬಿರದಲ್ಲಿ ಜ್ವರದಿಂದ ತೀರಿಕೊಂಡರು. ಅವರ ವೃದ್ಧ ಅಜ್ಜಿ ಮೋಕ್ಷದಾ ದೇವಿ ಆ ಪತ್ರಗಳನ್ನು ಕಾಪಾಡಿ, ಮೊಮ್ಮಗನ ಜೀವನಚರಿತ್ರೆಯನ್ನು 'ಕಲ್ಯಾಣ ಪ್ರದೀಪ' ಎಂಬ ಹೆಸರಿನಲ್ಲಿ 1928ರಲ್ಲಿ ಪ್ರಕಟಿಸಿದರು.

ಇನ್ನೊಬ್ಬರು ಶಿಶಿರ್ ಸರ್ವಾಧಿಕಾರಿ. ಬಂಗಾಳದ ಸಾರ್ವಜನಿಕರು ಕಟ್ಟಿ ಕಳುಹಿಸಿದ ಬೆಂಗಾಲ್ ಆಂಬ್ಯುಲೆನ್ಸ್ ಕೋರ್ ಎಂಬ ಸ್ವಯಂಸೇವಕ ತಂಡದಲ್ಲಿ ಅವರಿದ್ದರು. ಅವರೂ ಕುಟ್‌ನಲ್ಲಿ ಸೆರೆಯಾಗಿ, ರಾಸ್ ಅಲ್-ಐನ್ ಮತ್ತು ಅಲೆಪ್ಪೊ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದರು. ತಮ್ಮ ದಿನಚರಿಯ ಹಾಳೆಗಳನ್ನು ಬೂಟಿನೊಳಗೆ ಅಡಗಿಸಿ ಮರುಭೂಮಿಯನ್ನು ದಾಟಿದರು. ಹಾದಿಯಲ್ಲಿ ಆರ್ಮೇನಿಯನ್ನರ ಮೇಲಿನ ದೌರ್ಜನ್ಯವನ್ನೂ ಕಂಡರು. ಈ ನೆನಪುಗಳು ಪುಸ್ತಕವಾಗಿ ಹೊರಬಂದದ್ದು ಸುಮಾರು 4 ದಶಕಗಳ ಅನಂತರ, 'ಅಭಿ ಲೇ ಬಾಗ್ದಾದ್' ಎಂಬ ಹೆಸರಿನಲ್ಲಿ. ನಡೆದಾಡುವುದೇ ಕಷ್ಟವಾಗಿದ್ದಾಗ ಹಾಳೆಗಳನ್ನು ಬೂಟಿನಲ್ಲಿ ಹೊತ್ತು ನಡೆದವರು, ಕಂಡದ್ದು ಅಳಿಸಿಹೋಗಬಾರದೆಂದು ಎಷ್ಟು ಬಲವಾಗಿ ಬಯಸಿದ್ದಿರಬೇಕು!

ಇವರ ಮನಸ್ಸುಗಳಿಗೆ ಇಂದಿನ ರೋಗನಾಮವೊಂದನ್ನು ಅಂಟಿಸುವುದು ನಮ್ಮ ಕೆಲಸವಲ್ಲ. ತೀರಿಹೋದವರ ನಾಡಿ ಹಿಡಿಯಲಾಗದು. ಆದರೆ ಅವರು ಮಾಡಿದ್ದನ್ನು ನೋಡಬಹುದು. ಕಾರ್ಟರ್ ಬೆದರಿಕೆಗೆ ಬಗ್ಗದೆ ಹೇಳಿದರು. ಮುಖರ್ಜಿ ತಾಯಿಗೆ ಬರೆದರು. ಸರ್ವಾಧಿಕಾರಿ ದಿನಚರಿಯನ್ನು ಉಳಿಸಿದರು. ಮೂವರೂ ಮಾಡಿದ್ದು ಒಂದೇ ಕೆಲಸ. ಎಲ್ಲವೂ ಚೆನ್ನಾಗಿದೆಯೆಂಬ ಹೇಳಿಕೆಗೆ ಎದುರಾಗಿ ಇನ್ನೊಂದು ದಾಖಲೆಯನ್ನು ನಿಲ್ಲಿಸಿದರು.

ಕೇಳಿಸಿಕೊಂಡವರು, ಕೇಳಿಸಿಕೊಳ್ಳದವರು

ಕಾರ್ಟರ್ ಅವರ ಮಾತು ಕೊನೆಗೂ ಭಾರತದ ಹಿರಿಯ ಅಧಿಕಾರಿಗಳ ಕಿವಿಗೆ ಬಿತ್ತು. ವೈಸರಾಯ್ ಹಾರ್ಡಿಂಜ್ ಅವರು 1916ರ ಮಾರ್ಚಿನಲ್ಲಿ ವಿನ್ಸೆಂಟ್ ಮತ್ತು ಬಿಂಗ್ಲಿ ಅವರ ತನಿಖಾ ತಂಡವನ್ನು ನೇಮಿಸಿದರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ ಅವರ ಅಧ್ಯಕ್ಷತೆಯಲ್ಲಿ ಮೆಸೊಪಟೇಮಿಯಾ ಆಯೋಗವನ್ನು ರಚಿಸಿತು. 1917ರ ಜೂನಿನಲ್ಲಿ ಪ್ರಕಟವಾದ ಆಯೋಗದ ವರದಿಯು ಕಾರ್ಟರ್ ಅವರ ಸಾಕ್ಷ್ಯವನ್ನು ನಂಬಿ, ವಿಸ್ತಾರವಾಗಿ ಸೇರಿಸಿಕೊಂಡಿತು. ನಿಕ್ಸನ್, ಹ್ಯಾಥವೇ ಮೊದಲಾದವರನ್ನೂ ಭಾರತ ಸರ್ಕಾರವನ್ನೂ ಕಟುವಾಗಿ ಟೀಕಿಸಿತು. ಭಾರತ ವ್ಯವಹಾರಗಳ ಮಂತ್ರಿ ಆಸ್ಟಿನ್ ಚೇಂಬರ್ಲಿನ್ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಬಂದವರು ಎಡ್ವಿನ್ ಮಾಂಟೆಗ್ಯು. ಅದೇ ಆಗಸ್ಟಿನಲ್ಲಿ ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ನೀಡುವ ಘೋಷಣೆ ಮಾಡಿದವರೂ ಅವರೇ. ಅಷ್ಟರಲ್ಲಿ ನದಿಯಲ್ಲಿ ಆಸ್ಪತ್ರೆ ದೋಣಿಗಳು ಬಂದಿದ್ದವು. ಮೋಟಾರು ಆಂಬ್ಯುಲೆನ್ಸುಗಳು ಬಂದಿದ್ದವು. 1917ರ ಮಾರ್ಚಿನಲ್ಲಿ ಬಾಗ್ದಾದನ್ನು ಹಿಡಿದ ಸೇನೆಯ ಗಾಯಾಳುಗಳಿಗೆ ಟೆಸಿಫೋನಿನವರ ಪಾಡು ಬರಲಿಲ್ಲ. ಒಬ್ಬ ವೈದ್ಯ ಸುಮ್ಮನಿರಲು ಒಪ್ಪದೆ ಇದ್ದುದಕ್ಕೆ ಇದರಲ್ಲಿ ದೊಡ್ಡ ಪಾಲಿದೆ.

ಆದರೂ ಚಿತ್ರ ಇಲ್ಲಿಗೆ ಪೂರ್ಣವಾಗುವುದಿಲ್ಲ. ಕಾರ್ಟರ್ ಮೇಜರ್ ಹುದ್ದೆಯ ಬ್ರಿಟಿಷ್ ಅಧಿಕಾರಿ; ಅವರನ್ನು ಬೆದರಿಸಬಹುದಿತ್ತು, ಅಳಿಸಿಹಾಕಲಾಗುತ್ತಿರಲಿಲ್ಲ. ಮುಖರ್ಜಿ, ಸರ್ವಾಧಿಕಾರಿ ಅವರಿಗೆ ಅಕ್ಷರವಿತ್ತು. ಬರೆದುದನ್ನು ಕಾಪಾಡುವ ಮನೆಮಂದಿ, ಓದುವ ಸಮಾಜ ಇತ್ತು. ಅದೇ ಟೆಸಿಫೋನಿನ ಬಯಲಿನಲ್ಲಿ ಒಬ್ಬ ಗಾಯಾಳುವನ್ನು ಎತ್ತಿಕೊಂಡು, ಪಕ್ಕದಲ್ಲಿ ಕೈಚಾಚಿದ ಇನ್ನೊಬ್ಬನನ್ನು ಬಿಟ್ಟುಬಂದ ಕಹಾರನಿಗೆ ಏನಿತ್ತು? ಮೆಜಿದಿಯೆಯಂಥ ದೋಣಿಗಳಲ್ಲಿ ನೀರು ಹಂಚಿದ ಭಿಸ್ತಿಗೆ, ಅದರ ಹಲಗೆಗಳನ್ನು ಉಜ್ಜಿ ತೊಳೆದ ಜಾಡಮಾಲಿಗೆ ಏನಿತ್ತು? ಸೇನೆಯ ಲೆಕ್ಕದಲ್ಲಿ ಅವರು ಹಿಂಬಾಲಕರು. ಗಾಯಾಳುವಿನ ಅತ್ಯಂತ ಸಮೀಪ ಇದ್ದವರು ಅವರೇ. ಆದರೆ ಅವರು ಕಂಡದ್ದನ್ನು ಯಾವ ಆಯೋಗವೂ ಪುಟಗಟ್ಟಲೆ ಬರೆದುಕೊಳ್ಳಲಿಲ್ಲ. ನೈತಿಕ ಗಾಯವೆಂಬುದು ಎಲ್ಲ ದರ್ಜೆಯವರಿಗೂ ಆಗುತ್ತದೆ. ಅದನ್ನು ಹೇಳಿಕೊಳ್ಳುವ ಹಕ್ಕು ಮಾತ್ರ ದರ್ಜೆಗೆ ತಕ್ಕಂತೆ ಹಂಚಿಕೆಯಾಗುತ್ತದೆ.

ಯುದ್ಧದ ಅನಂತರವೂ ಈ ಹಂಚಿಕೆ ಬದಲಾಗಲಿಲ್ಲ. ಮೆಸೊಪಟೇಮಿಯಾದಲ್ಲಿ ಮಡಿದ, ಸಮಾಧಿ ದೊರೆಯದ 40,000ಕ್ಕೂ ಹೆಚ್ಚು ಮಂದಿಗಾಗಿ ನಿರ್ಮಿಸಿದ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಲಾಯಿತು. ಸಾಮಾನ್ಯ ಭಾರತೀಯ ಸೈನಿಕರನ್ನು ಹೆಸರಿಲ್ಲದೆ ಸಂಖ್ಯೆಯಾಗಿ ಮಾತ್ರ ನಮೂದಿಸಲಾಯಿತು. ಈ ತಾರತಮ್ಯವನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. 1997ರಲ್ಲಿ ಆ ಸ್ಮಾರಕವನ್ನೇ ಸದ್ದಾಂ ಹುಸೇನ್ ಸರ್ಕಾರವು ಬಸ್ರಾದಿಂದ ನಾಸಿರಿಯಾ ಹಾದಿಯ ಮರುಭೂಮಿಗೆ ಸ್ಥಳಾಂತರಿಸಿತು.

ನಮಗೇಕೆ ಈ ಚರಿತ್ರೆ

2020ರಲ್ಲಿ ಕೊರೊನಾ ಹರಡಿದಾಗ 'ನೈತಿಕ ಗಾಯ' ಎಂಬ ಮಾತು ಸೇನೆಯ ಎಲ್ಲೆಯನ್ನು ದಾಟಿ ಸಾಮಾನ್ಯ ಆಸ್ಪತ್ರೆಗಳೊಳಗೂ ಬಂತು. ಇರುವ ಒಂದು ಹಾಸಿಗೆ ಯಾರಿಗೆ, ಇರುವ ಒಂದು ಉಸಿರಾಟದ ಯಂತ್ರ ಯಾರಿಗೆ ಎಂಬ ಪ್ರಶ್ನೆಯನ್ನು ಜಗತ್ತಿನ ಅನೇಕ ಕಡೆ ದಾದಿಯರೂ ವೈದ್ಯರೂ ಎದುರಿಸಿದರು. ಕೊಲ್ಲಿಯ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಕರಾವಳಿಯ, ಮಲೆನಾಡಿನ, ಬಯಲುಸೀಮೆಯ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಆ ದಿನಗಳನ್ನು ಕಂಡವರೇ. ಅವರನ್ನು ಚಪ್ಪಾಳೆ ತಟ್ಟಿ ವೀರರೆಂದು ಹೊಗಳಿದೆವು. ಹೊಗಳಿಕೆಯಲ್ಲಿ ತಪ್ಪೇನಿಲ್ಲ. ಆದರೆ ವೀರರೆಂದು ಕರೆಸಿಕೊಂಡವರಿಗೆ, ಅಂದು ಏನು ಮಾಡಲಾಗಲಿಲ್ಲವೆಂಬುದನ್ನು ಬಾಯಿಬಿಟ್ಟು ಹೇಳುವುದು ಇನ್ನಷ್ಟು ಕಷ್ಟವಾಗುತ್ತದೆ.

ಟೈಗ್ರಿಸ್ ತೀರದ ಅನುಭವದಿಂದ ಒಂದು ಪಾಠವನ್ನಂತೂ ತೆಗೆದುಕೊಳ್ಳಬಹುದು. ಅಲ್ಲಿಯ ವೈದ್ಯರಿಗೆ ಧೈರ್ಯದ ಕೊರತೆ ಇರಲಿಲ್ಲ. ಮನೋಬಲ ಹೆಚ್ಚಿಸುವ ಉಪದೇಶ ಅವರಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದುದು ದೋಣಿ, ಪಟ್ಟಿ, ಮತ್ತು ಅವು ಇಲ್ಲವೆಂದಾಗ ಇಲ್ಲವೆಂದು ಬರೆದುಕೊಳ್ಳುವ ಒಬ್ಬ ಮೇಲಧಿಕಾರಿ. ಗಾಯವನ್ನು ಅವರ ಮನಸ್ಸಿನೊಳಗೆ ಮಾತ್ರ ಹುಡುಕಿದರೆ ಅದರ ಕಾರಣ ಕಣ್ಣಿಗೆ ಬೀಳುವುದಿಲ್ಲ. ಕಾರಣ ಖಜಾನೆಯ ಲೆಕ್ಕದಲ್ಲಿತ್ತು, ಸುಳ್ಳು ತಂತಿಯಲ್ಲಿತ್ತು, ಹೇಳಬಂದವರನ್ನು ಬಾಯಿ ಮುಚ್ಚಿಸಿದ ಕೊಠಡಿಯಲ್ಲಿತ್ತು. ಕಾರ್ಟರ್ ಅವರಿಗೆ ಆ ಕೊಠಡಿಯಿಂದಾಚೆ ಕೇಳುವವರು ದೊರೆತರು. ಆಮೇಲೆ ಆಸ್ಪತ್ರೆ ದೋಣಿಗಳೂ ಬಂದವು. ಹೆಸರಿಲ್ಲದ ಕಹಾರರಿಗೆ ಕೇಳುವವರು ದೊರೆಯಲಿಲ್ಲ. ನಮ್ಮ ನಡುವಿನ ದಾದಿಯರು, ವೈದ್ಯರು, ಆಂಬ್ಯುಲೆನ್ಸಿನ ಚಾಲಕರು, ವಾರ್ಡಿನ ಸಹಾಯಕರು ಇವರ ಮಾತಿಗೂ ಕಿವಿಗೊಡುವ ಒಂದು ವೇದಿಕೆ ಕನ್ನಡದಲ್ಲಿ ಇರಬೇಕಾದದ್ದು ನ್ಯಾಯ. ಊರಿಂದ ದೂರವಿದ್ದು ಒಂದೇ ಭಾಷೆಯ ನೆರಳಿನಲ್ಲಿ ಸೇರುವ ನಮ್ಮಂಥ ಸಂಘಗಳು ಅದಕ್ಕೆ ತಕ್ಕ ಸ್ಥಳ.